ಲುಜಿಯಾ ಬಿಟ್ಟ ಪಾಠಗಳು

ಗಸ್ಟೀನ್, ಕ್ಯಾಲಿಫೋರ್ನಿಯಾ
ಮೇ ೪

ಪ್ರೀತಿಯ ಇಡಾಲಿನಾ ದೊಡ್ಡಮ್ಮ,

ಮೊದಲು ನಿನ್ನ ಆಶೀರ್ವಾದ ಕೇಳುತ್ತೇನೆ. ನಮ್ಮ ಹಿರಿಯರ ದ್ವೀಪದಲ್ಲಿ ಕೂತಲ್ಲಿಂದಲೇ ನನ್ನ ತಲೆಯ ಮೇಲೆ ಕೈಯಿಟ್ಟುಬಿಡು.

ಹೋದ ತಿಂಗಳು ಆ ಭಾನುವಾರ ಫೋನಿನಲ್ಲಿ ನೀನು ಮತ್ತೆ ಮತ್ತೆ ಕೇಳಿದೆ, "ಒಡೀಲಿಯಾ ಯಾಕೆ ಫೋನಿಗೆ ಬರ್ತಿಲ್ಲ? ಅಕ್ಕನಾದ ನನ್ನ ಮೇಲೆ ಕೋಪಾನಾ?" ಅಂತ. ಅಮ್ಮ ಕರುಗಳಿಗೆ ಹಾಲು ಕುಡಿಸಲು ಹೋಗಿದ್ದಾಳೆ ಅಂದೆ. ಅವಳು ಎಲ್ಲೂ ಹೋಗಿರಲಿಲ್ಲ. ಅಡುಗೆಮನೆಯಲ್ಲೇ ಒಲೆಯ ಮುಂದೆ ನಿಂತು, ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಳು. ನಿನಗೀಗ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ಕಿರುಚಿ ಹೇಳುವಂಥ ಮಾತೂ ಇದಲ್ಲ. ಅದಕ್ಕೇ ಬರೆಯಲು ಕೂತೆ.

ಜನವರಿಯ ಆ ಬೆಳಿಗ್ಗೆ ಎಂಥ ಮಂಜಿತ್ತೆಂದು ನಿನಗೆ ಬೇರೆ ಹೇಳಬೇಕಿಲ್ಲ. ಇಲ್ಲಿದ್ದಾಗ ನೀನೇ ಅದನ್ನು ಹಾಳು ಹಾಲು ಅಂತ ಬೈಯುತ್ತಿದ್ದೆ. ನನಗೆ ಜ್ವರವಿತ್ತು. ಲುಜಿಯಾ ಅಕ್ಕ ಒಬ್ಬಳೇ ಕಾರು ತೆಗೆದುಕೊಂಡು ಶಾಲೆಗೆ ಹೊರಟಳು. ಕಾಲುವೆಯ ತಿರುವಿನಲ್ಲಿ ಎದುರಿಗೆ ಬಂದ ಲಾರಿ ಅವಳಿಗೆ ಕಾಣಲಿಲ್ಲ, ಲಾರಿಯವನಿಗೆ ಅವಳು ಕಾಣಲಿಲ್ಲ. ಸದ್ದು ನಮ್ಮ ಮನೆಗೂ ಕೇಳಿಸಿತು. ಅಪ್ಪ ಬೇಲಿಯ ಮುಳ್ಳುತಂತಿ ಹಿಡಿದುಕೊಂಡು, ಕುರುಡನ ಹಾಗೆ, ಅದರ ಗುಂಟ ನಡೆದು ಅಲ್ಲಿಗೆ ಹೋದ. ಅಂಗೈ ಸೀಳಿದ್ದು ಅವನಿಗೆ ಗೊತ್ತಾದದ್ದು ಮಣ್ಣು ಮುಗಿಸಿ ಬಂದ ಮೇಲೆ.

ಚಿಕ್ಕವಳಿದ್ದಾಗ ಕಾಲು ಮುರಿದು ಅಕ್ಕನಿಗೆ ಒಂದು ವರ್ಷ ಶಾಲೆ ತಪ್ಪಿತಲ್ಲ, ನೀನೇ ಅವಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದೆಯಲ್ಲ, ಅಲ್ಲಿಂದ ನಾವಿಬ್ಬರೂ ಒಂದೇ ತರಗತಿ. ಶಾಲೆಯ ಗಾಯನ ತಂಡದಲ್ಲೂ ಎರಡನೇ ಸಾಲಿನಲ್ಲಿ ಪಕ್ಕಪಕ್ಕ ನಿಲ್ಲುತ್ತಿದ್ದೆವು. ನಮ್ಮಲ್ಲಿ ಗಾಯನವೂ ಒಂದು ಪಾಠವೇ, ಅಂಕಪಟ್ಟಿಯಲ್ಲಿ ಬರುತ್ತದೆ. ನನ್ನದು ಮೇಲಿನ ದನಿ, ಅವಳದು ಕೆಳಗಿನದು. ಅವಳಿಗೊಂದು ಚಾಳಿಯಿತ್ತು. ಎಲ್ಲರೂ ಉಸಿರೆಳೆದುಕೊಂಡ ಮೇಲೆ, ಒಂದು ಚೂರು ತಡವಾಗಿ, ಪಕ್ಕದವರಿಗೆಲ್ಲ ಕೇಳುವ ಹಾಗೆ ಉಸಿರೆಳೆದುಕೊಳ್ಳುತ್ತಿದ್ದಳು. "ಬಾವಿಯಿಂದ ನೀರು ಸೇದ್ತಿದ್ದೀಯೇನಮ್ಮಾ ಲುಜಿಯಾ?" ಎಂದು ಎಂಗ್‌ಸ್ಟ್ರಾಮ್ ಮೇಷ್ಟ್ರು ಕಿಚಾಯಿಸುತ್ತಿದ್ದರು.

ಅವಳು ಹೋದ ಮೇಲೆ ಮೇಷ್ಟ್ರು ಆ ಜಾಗದಲ್ಲಿ ಯಾರನ್ನೂ ನಿಲ್ಲಿಸಲಿಲ್ಲ. ಅದು ಅವರು ಅವಳಿಗೆ ತೋರಿಸಿದ ಮರ್ಯಾದೆ. ನಾನು ತಿರುಗಿ ಹಾಡಲು ನಿಂತ ಮೊದಲ ದಿನ, ನನ್ನ ಎಡಗಡೆಯ ಆ ಖಾಲಿ ಜಾಗದಿಂದ ಉಸಿರು ಕೇಳಿಸಿತು ದೊಡ್ಡಮ್ಮ. ಎಲ್ಲರದೂ ಆದ ಮೇಲೆ, ಒಂದು ಚೂರು ತಡವಾಗಿ. ಉಸಿರು ಬಂತು, ದನಿ ಬರಲಿಲ್ಲ. ಮಾರನೆಯ ದಿನವೂ ಹಾಗೇ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅಮ್ಮ ಪಾದ್ರಿಯವರನ್ನು ಕರೆಸುತ್ತಿದ್ದಳು, ಶಾಲೆಯವರು ಡಾಕ್ಟರನ್ನು ಕರೆಸುತ್ತಿದ್ದರು.

ಮಾರ್ಚ್ ಶುರುವಿನಲ್ಲಿ ನಾನು ಗಾಯನದ ಪಾಠ ಬಿಟ್ಟೆ. ಆ ಖಾಲಿ ಜಾಗ ನೋಡಕ್ಕಾಗಲ್ಲ ಅಂದೆ. ಯಾರೂ ಎದುರಾಡಲಿಲ್ಲ.

ಅದೇ ತಿಂಗಳಲ್ಲಿ ನನಗೆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಅಪ್ಪ ಕೊಟ್ಟಿಗೆಯಿಂದ ಸಗಣಿಯ ಬೂಟಿನಲ್ಲೇ ಒಳಗೆ ಬಂದು ನನ್ನ ಹಣೆಗೆ ಮುತ್ತಿಟ್ಟು ವಾಪಸು ಹೋದ. ಅಕ್ಕನೂ ನನ್ನ ಜೊತೆಗೇ ಅರ್ಜಿ ಹಾಕಿದ್ದಳು. ಅವಳದೇನಾಯಿತು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ.

ಏಪ್ರಿಲಿನಲ್ಲಿ ಶಾಲೆಯ ಸಲಹೆಗಾರ್ತಿ ಮಿಸೆಸ್ ಯಾಂಗ್ ನನ್ನನ್ನು ಕರೆದು ಕೂರಿಸಿಕೊಂಡರು. "ಡೆಲ್ಫಿನಾ, ಅರ್ಜೀಲಿ ಈ ವರ್ಷದ ಪಾಠ ಅಂತ ಗಾಯನಾನೂ ಬರೆದಿದ್ದೆ. ಈಗ ಬಿಟ್ಟಿದ್ದೀಯ. ಸೀಟು ಸಿಕ್ತಲ್ಲ ಅಂತ ಸುಮ್ನೆ ಕೂತ್ಕೋಬೇಡ, ಬಿಟ್ಟಿದ್ದನ್ನ ಅವರಿಗೆ ನೀನೇ ತಿಳಿಸಬೇಕು. ನೀನು ತಿಳಿಸದೆ, ಬೇಸಿಗೇಲಿ ಅಂಕಪಟ್ಟಿ ಬಂದಾಗ ಅವರೇ ನೋಡಿದ್ರು ಅನ್ನು, ಕೊಟ್ಟ ಸೀಟು ವಾಪಸ್ ತಗೊಂಡ್ರೂ ತಗೋಬಹುದು."

"ಯಾಕೆ ಬಿಟ್ಟೆ ಅಂತಾನೂ ಬರೀಬೇಕಾ?"

"ಬರೀಬೇಕು. ಎರಡು ಸಾಲು ಸಾಕು. ನಿಜ ಬರಿ, ಉದ್ದ ಬರೀಬೇಡ."

ಮನೆಗೆ ಬಂದು ಅಡುಗೆಮನೆಯ ಕಂಪ್ಯೂಟರ್ ತೆರೆದೆ. ವಿಶ್ವವಿದ್ಯಾಲಯದ ಪುಟ ಮೊದಲೇ ತೆರೆದಿತ್ತು. ಅಭಿನಂದನೆಗಳು ಎಂದಿತ್ತು. ನನ್ನದೇ ಅಂದುಕೊಂಡು ಓದುತ್ತಾ ಹೋದೆ. ಆಮೇಲೆ ಹೆಸರು ನೋಡಿದೆ. ಲುಜಿಯಾ ಬೋರ್ಬಾ.

ಅವಳಿಗೂ ಸಿಕ್ಕಿತ್ತು ದೊಡ್ಡಮ್ಮ. ಅಷ್ಟೇ ಅಲ್ಲ, ಅವಳು ಬರಲು ಒಪ್ಪಿದ್ದೂ ಆಗಿತ್ತು. ಕೆಳಗೆ ಅವರ ಪ್ರಶ್ನೆ: ಅರ್ಜಿಯಲ್ಲಿ ಹೇಳಿದ ಯಾವುದಾದರೂ ಪಾಠವನ್ನು ಬದಲಿಸಿದ್ದೀರಾ, ಬಿಟ್ಟಿದ್ದೀರಾ? ಅದರ ಕೆಳಗೆ ಅಕ್ಕನ ಹೆಸರಿನಲ್ಲಿ ಉತ್ತರ: ಇಲ್ಲ, ಎಲ್ಲವೂ ನಡೆಯುತ್ತಿವೆ. ಉತ್ತರ ಕೊಟ್ಟದ್ದು ಅದೇ ವಾರ.

ನಗಬೇಡ, ಒಂದು ಗಳಿಗೆ ಅವಳೇ ಬರೆದಳು ಅಂದುಕೊಂಡೆ. ಹಿಂದೆ ತಿರುಗಿ ನೋಡಲೂ ಹೆದರಿಕೆಯಾಯಿತು.

ಹಿಂದೆ ಅಮ್ಮ ನಿಂತಿದ್ದಳು, ಕರುಗಳ ಹಾಲಿನ ಬಾಟಲಿ ಹಿಡಿದುಕೊಂಡು.

"ಮುಚ್ಚು ಅದನ್ನ," ಅಂದಳು.

"ಅಮ್ಮಾ, ಇದು ಸುಳ್ಳು. ಹೀಗೆಲ್ಲ ಬರೀಬಾರದು."

"ಯಾವುದು ಸುಳ್ಳು? ಅವಳು ಬಿಟ್ಟಳು ಅಂತ ನಾನು ಬರೀಲಾ? ಹುಟ್ಟಿದಾಗಿಂದ ಆ ಹುಡುಗಿ ಯಾವುದನ್ನ ಅರ್ಧಕ್ಕೆ ಬಿಟ್ಟಿದ್ದಾಳೆ ಹೇಳು. ತಟ್ಟೇಲಿ ಒಂದು ಅಗುಳು ಬಿಟ್ಟವಳಲ್ಲ."

"ಅಪ್ಪನಿಗೆ ಗೊತ್ತಾ?"

"ಅವನಿಗೆ ಹೇಳಿದ್ರೆ ನನ್ನಾಣೆ. ಸತ್ತ ಮಗಳಿಗೆ ಸೀಟು ಸಿಕ್ತು ಅಂತ ಯಾವ ಬಾಯಲ್ಲಿ ಹೇಳ್ತೀಯ? ಮತ್ತೊಂದು ಸಲ ಆ ಬೇಲಿ ಹಿಡ್ಕೊಂಡು ನಡೀಲಿ ಅಂತಲಾ?"

ನಾನು ಕಂಪ್ಯೂಟರ್ ಮುಚ್ಚಿದೆ. ನನ್ನದನ್ನು ಶಾಲೆಯಿಂದಲೇ ತಿಳಿಸಿದೆ. ಆಮೇಲೆ ಮನೆಯಲ್ಲಿ ಓಡಾಡುವುದೇ ಕಷ್ಟವಾಯಿತು. ಸಂಜೆ ಅಮ್ಮ ಆ ಪುಟದ ಮುಂದೆ ಕೂತು ಮೆಲ್ಲಗೆ ನಗುವುದು ಕೇಳಿಸುತ್ತಿತ್ತು. "ಅವಳಿಗೆ ಕೋಣೆ ಯಾವುದು ಬೇಕು ಅಂತ ಕೇಳಿದ್ದಾರೆ ಕಣೇ," ಅನ್ನುತ್ತಿದ್ದಳು. ನಿನ್ನ ಫೋನಿಗೆ ಬಾರದೆ ಇದ್ದದ್ದೂ ಇದಕ್ಕೇ. ನೀನು ಲುಜಿಯಾಳ ಆತ್ಮಕ್ಕೆ ಶಾಂತಿ ಎನ್ನುತ್ತೀಯ, ಅದನ್ನು ಕೇಳಿಸಿಕೊಳ್ಳಬೇಕಾಗುತ್ತದೆ.

ಸೀಟು ಸಿಕ್ಕವರು ಬಂದು ನೋಡಿಹೋಗಲಿ ಎಂದು ವಿಶ್ವವಿದ್ಯಾಲಯದವರು ಆಮೇಲಿನ ಒಂದು ಶನಿವಾರ ಕರೆದಿದ್ದರು. ಅಪ್ಪನಿಗೆ ಹಸುಗಳನ್ನು ಬಿಟ್ಟು ಬರುವ ಹಾಗಿರಲಿಲ್ಲ, ಅಮ್ಮ ಹೊರಟಳು. ಬಾಗಿಲಲ್ಲಿ ಹೆಸರಿನ ಬಿಲ್ಲೆ ಹಂಚುತ್ತಿದ್ದರು. ಅಮ್ಮ ಮುಂದೆ ಹೋಗಿ, "ಬೋರ್ಬಾ, ಎರಡು," ಅಂದಳು. ಎರಡು ಕೊಟ್ಟರು. ಒಂದನ್ನು ನನಗೆ ಚುಚ್ಚಿದಳು. ಇನ್ನೊಂದನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

ಆವರಣ ತೋರಿಸಲು ನಮ್ಮ ಗುಂಪಿಗೆ ಸಿಕ್ಕವಳು ಅಲ್ಲೇ ಓದುವ, ಕೆಂಪು ಕೂದಲಿನ, ಬಾಯಿಬಡುಕಿ ಹುಡುಗಿ. ಒಂದೊಂದೇ ಹೆಸರು ಕೂಗಿ ಗುರುತು ಹಾಕಿಕೊಂಡಳು. ನಾನು ಕೈಯೆತ್ತಿದೆ. "ಲುಜಿಯಾ ಬೋರ್ಬಾ?" ಅಂದಳು. ಅಮ್ಮ ನೆಲ ನೋಡಿದಳು.

"ಲುಜಿಯಾ? ಬಿಲ್ಲೆ ತಗೊಂಡಿದ್ದಾಳೆ ಅಂತಿದೆ, ಇಲ್ಲೇ ಎಲ್ಲೋ ಹೋಗಿರಬೇಕು. ಕಾಯೋಣ ಬಿಡಿ, ಪಾಪ, ಹೊಸ ಜಾಗ, ಒಬ್ಬಳೇ ಆಗಿಬಿಡ್ತಾಳೆ."

ಎಲ್ಲರೂ ಬಿಸಿಲಿನಲ್ಲಿ ನಿಂತು ಅಕ್ಕನಿಗಾಗಿ ಕಾದೆವು ದೊಡ್ಡಮ್ಮ. ಗುರುತಿಲ್ಲದ ಜನ, ಅವರ ಅಪ್ಪ ಅಮ್ಮಂದಿರು. ಯಾರಾದರೂ ಹುಡುಗಿ ಓಡಿಬಂದರೆ ಎಲ್ಲರೂ ಅತ್ತ ತಿರುಗುತ್ತಿದ್ದರು. ನಾನೂ ತಿರುಗುತ್ತಿದ್ದೆ. ಒಬ್ಬ ಗಂಡಸು, "ನಮ್ಮವಳೂ ಹೀಗೇ, ಎಲ್ಲದಕ್ಕೂ ಲೇಟು," ಎಂದು ನಕ್ಕ. ಅಮ್ಮನ ಮುಖ ನಾನು ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ.

ಕೊನೆಗೆ ಅಮ್ಮ ಆ ಹುಡುಗಿಯ ಹತ್ತಿರ ಹೋಗಿ ಅವಳ ತೋಳು ಮುಟ್ಟಿದಳು. "ಕಾಯಬೇಡ ಮಗಳೇ. ಅವಳು ಬರಲ್ಲ. ನೀವು ಹೋಗಿ."

ಆಮೇಲೆ ನೇರವಾಗಿ ಪ್ರವೇಶ ವಿಭಾಗದ ಕಚೇರಿಗೆ ನಡೆದಳು. ನಾನು ಹಿಂದೆ ಓಡಿದೆ. ಮೇಜಿನ ಹಿಂದೆ ಕನ್ನಡಕದ, ನಡುವಯಸ್ಸಿನ ಒಬ್ಬರಿದ್ದರು. ಅಮ್ಮ ತನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದಳು, "ಪಾಠ ಬಿಟ್ರೆ ತಿಳಿಸಬೇಕಂತಲ್ಲ. ಅದಕ್ಕೆ ಬಂದಿದ್ದೀನಿ. ನನ್ನ ದೊಡ್ಡ ಮಗಳು. ಹಿಂದೆ ತಿಳಿಸಿದ್ದು ತಪ್ಪು."

"ಪರವಾಗಿಲ್ಲಮ್ಮ, ಸರಿ ಮಾಡೋಣ. ಯಾವ ಪಾಠ ಬಿಟ್ಟಿದ್ದಾರೆ?"

"ಎಲ್ಲಾ."

"ಎಲ್ಲಾನಾ? ಯಾವಾಗಿಂದ?"

"ಜನವರಿ."

"ಕಾರಣ?"

ಅಮ್ಮ ಬಿಲ್ಲೆಯನ್ನು ಅವರ ಮೇಜಿನ ಮೇಲಿಟ್ಟಳು. "ಮಂಜು," ಅಂದಳು.

ಅವರು ತಲೆಯೆತ್ತಿದರು. ಮಂಜು ಕವಿಯುವ ಈ ನಮ್ಮ ಕಣಿವೆಯವರೇ ಇರಬೇಕು, ಇನ್ನೇನೂ ಕೇಳಲಿಲ್ಲ. ಎದ್ದು ಮೇಜು ಬಳಸಿ ಬಂದು ಅಮ್ಮನಿಗೊಂದು ಕುರ್ಚಿ ಎಳೆದುಕೊಟ್ಟರು. "ಉಳಿದದ್ದು ನಾನು ಬರ್ಕೋತೀನಿ," ಅಂದರು.

ವಾಪಸು ಬರುವಾಗ ಅಮ್ಮ ಕಾರು ಓಡಿಸುತ್ತಾ, "ನೀನೇನು ಕಾರಣ ಬರೆದೆ ಫಿನಾ?" ಎಂದು ಕೇಳಿದಳು. ಮನೆಯ ಪರಿಸ್ಥಿತಿ ಅಂತ ಬರೆದೆ ಅಂದೆ. "ನಿಜವಾಗಿ ಯಾಕೆ ಬಿಟ್ಟೆ?" ಅಂದಳು.

ಆಗ ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಉಸಿರು ಕೇಳಿಸುತ್ತಿತ್ತು ಎಂದು ನಾನು ಗಾಯನ ಬಿಟ್ಟಿದ್ದಲ್ಲ. ಅದಕ್ಕಾಗಿಯೇ ದಿನಾ ಹೋಗುತ್ತಿದ್ದೆ. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಎಲ್ಲರೂ ಉಸಿರೆಳೆದುಕೊಂಡರು, ಎಡಗಡೆ ಏನೂ ಕೇಳಿಸಲಿಲ್ಲ. ಮರುದಿನವೂ ಇಲ್ಲ. ಹೆದರಿಕೆಯಾದದ್ದು ಆಗ.

ಅಮ್ಮ ಕಾರನ್ನು ಬಾದಾಮಿ ತೋಟದ ಪಕ್ಕಕ್ಕೆ ನಿಲ್ಲಿಸಿದಳು. "ಅವಳ ಹೆಸರಿಗೆ ಇನ್ನೂ ಏನಾದ್ರೂ ಬರ್ತಿದ್ದದ್ದು ಅಲ್ಲಿಂದ ಮಾತ್ರ ಕಣೇ," ಅಂದಳು. "ಅವಳೇ ಇಲ್ಲ ಅಂತ ಬರೆದ್ರೆ ಅದೂ ನಿಂತುಹೋಗುತ್ತೆ ಅಂತ..." ಸ್ಟೀರಿಂಗ್ ಮೇಲೆ ತಲೆಯಿಟ್ಟು ಅತ್ತಳು. ಮಣ್ಣಿನ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನು ಅವಳ ಬೆನ್ನು ಸವರುತ್ತಾ ಕೂತೆ.

ನನ್ನ ಸೀಟಿಗೆ ಏನೂ ಆಗಿಲ್ಲ. ಬದಲಾವಣೆ ತಿಳಿಯಿತು, ಸೆಪ್ಟೆಂಬರಿನಲ್ಲಿ ಬನ್ನಿ ಎಂದು ಬರೆದಿದ್ದಾರೆ. ಬರುವ ಭಾನುವಾರ ಫೋನು ಮಾಡು. ಅಮ್ಮ ಎತ್ತುತ್ತಾಳೆ. ಅಕ್ಕನ ಹೆಸರು ನೀನಾಗಿ ತೆಗೆಯಬೇಡ, ಅವಳೇ ತೆಗೆಯಲಿ.

ನಿನ್ನ ಮಡಿಲ ಮಗಳು,
ಫಿನಾ

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಇದೊಂದು. ಇವತ್ತು ರಸ್ತೆಬದಿಯ ಅಂಚೆಪೆಟ್ಟಿಗೆಯಿಂದ ಅಪ್ಪ ಒಂದು ಕಾಗದ ತಂದ. ಲುಜಿಯಾಳ ಹೆಸರಿಗಿತ್ತು. ಅವನಿಗೆ ಇಂಗ್ಲಿಷ್ ಓದುವುದು ಕಷ್ಟ, ನನ್ನ ಕೈಗೆ ಕೊಟ್ಟ. ಅಮ್ಮ ಸಿಂಕಿನ ಹತ್ತಿರ ಕಲ್ಲಾಗಿ ನಿಂತಳು. ಆಣೆ ಹಾಕಿದ್ದವಳೇ ಕಣ್ಣಲ್ಲಿ ಓದು ಅಂದಳು. ಕುಟುಂಬದವರು ತಿಳಿಸಿದಂತೆ ಲುಜಿಯಾ ಬೋರ್ಬಾ ಅವರಿಗೆ ಕೊಟ್ಟಿದ್ದ ಸೀಟನ್ನು ರದ್ದು ಮಾಡಿದ್ದೇವೆ, ನಿಮ್ಮ ದುಃಖದಲ್ಲಿ ನಾವೂ ಇದ್ದೇವೆ, ಎಂದಿತ್ತು. ಅಪ್ಪ ರದ್ದು ಎಂಬುದನ್ನು ಕೇಳಿಸಿಕೊಳ್ಳಲೇ ಇಲ್ಲ. "ಅವಳಿಗೂ ಸಿಕ್ಕಿತ್ತಾ?" ಅಂದ. ಸಿಕ್ಕಿತ್ತು ಅಪ್ಪ, ಅಂದೆ. "ಇಬ್ಬರಿಗೂ," ಎಂದು ತನಗೇ ಹೇಳಿಕೊಂಡ. ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕೊಟ್ಟಿಗೆಗೆ ಹೋದ. ಈಗ ಅಲ್ಲಿ ಹಾಲು ಕರೆಯುವವರಿಗೆಲ್ಲ ಹೇಳುತ್ತಿದ್ದಾನೆ, ಇಲ್ಲಿಗೇ ಕೇಳಿಸುತ್ತಿದೆ.