ಮೊದಲು ನೀರು

ಕುಶಲ ಕಸುಬುಗಳ ಅರ್ಹತಾ ಪರೀಕ್ಷೆ ರೂಪಿಸುತ್ತಿರುವ ಸಮಿತಿಯ ಮೇಡಂ ಅವರಿಗೆ,

ಕಲ್ಲು ಕೊಯ್ಯುವವರ ಪರೀಕ್ಷೆಯ ಕರಡು ತಲುಪಿತು. ಅದಕ್ಕೆ ಸಲಹೆ ಕೊಟ್ಟ ನಮ್ಮ ಯಜಮಾನರು ಅದನ್ನು ನೋಡಲಿಲ್ಲ. ಅವರು ತೀರಿಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಅವರ ಬದಲು ನಾನು ಸಹಿ ಹಾಕಬಹುದು ಎಂದಿದ್ದೀರಿ. ಇಪ್ಪತ್ತು ವರ್ಷ ಅವರು ಕೊಯ್ದ ಕಲ್ಲಿಗೆ ಪಾಲಿಶ್ ಹಾಕಿದವಳು ನಾನು, ಪೂರ್ತಿ ಓದಿದೆ.

ಹದಿನಾಲ್ಕನೇ ಸಾಲಿನಲ್ಲಿ ‘ಸಾಧ್ಯವಾದಷ್ಟು ಕಲ್ಲನ್ನು ಒದ್ದೆ ಮಾಡಿ ಕೊಯ್ಯಬೇಕು’ ಎಂದಿದೆ. ದಯವಿಟ್ಟು ‘ಸಾಧ್ಯವಾದಷ್ಟು’ ತೆಗೆಯಿರಿ. ತಿದ್ದಿ ಕಳಿಸಿದ ದಿನವೇ ಸಹಿ ಹಾಕುತ್ತೇನೆ.

ನೀರು ಹಾಕಿದರೆ ಕಲ್ಲಿನ ಮೇಲೆ ಹಾಕಿದ ಗುರುತು ಅಳಿಸಿಹೋಗುತ್ತದೆ, ಕೆಲಸ ತಡವಾಗುತ್ತದೆ ಎಂದು ಅವರು ಮೂವತ್ತು ವರ್ಷ ಒಣಗಲ್ಲನ್ನೇ ಕೊಯ್ದರು. ಆ ಧೂಳೇ ಎದೆಯಲ್ಲಿ ಕೂತಿತು. “ಈ ಪರೀಕ್ಷೆಗೆ ನಾನೇ ಕೂತ್ರೆ ಫೇಲು” ಎಂದು ನಿಮ್ಮ ಮುಂದೆಯೇ ನಕ್ಕಿದ್ದರಲ್ಲ.

ನೀವು ಕೊನೆಯ ಸಲ ಮನೆಗೆ ಬಂದಾಗ ಅವರು ಹೇಳಿ ಬರೆಸಿದ್ದು ಆ ಹದಿನಾಲ್ಕನೇ ಸಾಲು. ಪದಕ್ಕೊಂದು ಸಲ ನಿಂತು, ಆಕ್ಸಿಜನ್ ಪೈಪ್ ಸರಿಮಾಡಿಕೊಂಡು ಹೇಳಿದರು. ನಾನು ಬೆನ್ನು ಸವರುತ್ತಾ ಪಕ್ಕದಲ್ಲೇ ಕೂತಿದ್ದೆ. “ಮೊದ್ಲು ನೀರು ಹಾಕು, ಆಮೇಲೆ ಕಲ್ಲು ಮುಟ್ಟು.” ಅಷ್ಟೇ. ನೀವು ಸೇರಿಸಿದ ಆ ಪದ ಅದರಲ್ಲಿರಲಿಲ್ಲ. ಇನ್ನೊಂದು ಪದಕ್ಕಾಗುವಷ್ಟು ಉಸಿರೂ ಅವರಲ್ಲಿರಲಿಲ್ಲ.

ಇಂತಿ,
ಅವರ ಹೆಂಡತಿ, ಪಾಲಿಶ್ ಕೆಲಸದವಳು