ರಟ್ಟಿನ ಮನೆಯ ಬಾಗಿಲು

ಗುರುವಾರ, ಹನ್ನೆರಡನೇ ತಾರೀಕು. ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿ ಬಂದೆ.

ನಮ್ಮ ವಠಾರ ಕೆಡವಿ, ರೈಲು ನಿಲ್ದಾಣಕ್ಕೆ ಅಂಟಿಕೊಂಡಂತೆ ಹದಿನಾಲ್ಕು ಮಹಡಿ ಕಟ್ಟುತ್ತಾರಂತೆ. ವಸತಿ ಮಂಡಳಿಯವರು ಅದರ ರಟ್ಟಿನ ಮಾದರಿಯನ್ನು ಮೇಜಿನ ಮೇಲಿಟ್ಟಿದ್ದರು. ಬೆರಳುದ್ದದ ರೈಲೂ ಇತ್ತು. ನಮ್ಮಂಥವರು, ಸಂಬಳದವರು, ಸಾಹುಕಾರರು, ಎಲ್ಲರಿಗೂ ಅದರಲ್ಲೇ ಮನೆಯಂತೆ.

"ನಂಬಬೇಡಿ ಅತ್ತಿಗೆ. ಸಹಿ ಹಾಕಿದ್ರೆ ಊರಾಚೆ ಎಸೀತಾರೆ. ಆಮೇಲೆ ನಿಮ್ಮ ದೇವರು ಬಂದು ಸೂರು ಹೊದಿಸ್ತಾನಾ?" ಎಂದು ನಾದಿನಿ ಸೆರಗು ಜಗ್ಗಿದಳು.

ನಾನು ಬಗ್ಗಿ ಮಾದರಿಯ ಹಿಂಬದಿಯಲ್ಲಿ ಹುಡುಕುತ್ತಿದ್ದೆ. ಮೂವತ್ತು ವರ್ಷ ಪಾತ್ರೆ ತೊಳೆದ ಮನೆಗಳಿಗೆಲ್ಲ ಹಿತ್ತಲಿನಿಂದಲೇ ಹೋದವಳು.

"ನಮ್ಮ ಬಾಗಿಲು ಯಾವುದಮ್ಮ?" ಎಂದೆ.

ಮಂಡಳಿಯ ಹುಡುಗಿ ಅರ್ಥವಾಗದೆ ನನ್ನ ಮುಖ ನೋಡಿದಳು. ಆಮೇಲೆ ಮುಂಬಾಗಿಲು ತೋರಿಸಿ, "ಇರೋದೇ ಇದೊಂದು ಅಮ್ಮ. ಎಲ್ಲರೂ ಇಲ್ಲೇ ಬರ್ತಾರೆ" ಎಂದಳು.

"ಲಿಫ್ಟೂ ಒಂದೇನಾ?" ಎಂದಳು ನಾದಿನಿ.

"ಲಿಫ್ಟೂ."

ನಾದಿನಿ ನನ್ನ ಸೆರಗು ಬಿಟ್ಟು, ತಾನೂ ಬಗ್ಗಿ ಆ ಬಾಗಿಲು ನೋಡಿದಳು.

ದೇವರೇ, ಇಷ್ಟು ವರ್ಷ ನಿನ್ನಲ್ಲಿ ಸೋರದ ಸೂರು ಬೇಡಿದೆ. ಬಾಗಿಲನ್ನೂ ಬೇಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮಂಡಳಿಯವರು ಮಾತು ತಪ್ಪದ ಹಾಗೆ ನೋಡಿಕೋ.

ಕಣ್ಣು ಎಳೆಯುತ್ತಿದೆ. ಆ ಬಾಗಿಲಲ್ಲಿ ನಾನು ಕೆಲಸ ಮಾಡಿದ ಮನೆಯ ಯಜಮಾನಿಯಂಥವರು ಎದುರಾದರೆ, ಹಳೇ ಅಭ್ಯಾಸ, ನಾನೇ ಗೋಡೆಗೆ ಸರಿದುಬಿಡುತ್ತೇನೋ ಏನೋ...