ಮನೆ ಕಳುವಾಗುವುದಿಲ್ಲ ಎಂದ ಸಾಹೇಬರಿಗೆ

ಮಾನ್ಯ ಕೊತವಾಲಿ ಸಾಹೇಬರೇ,

ನನ್ನ ಬಂಡಿ ಕಳುವಾಗಿ ಇವತ್ತಿಗೆ ನಲವತ್ತಮೂರು ದಿನ. ಎಲ್ಲಿಂದ ಹೋಯಿತು ಎಂದು ಹೇಳಿದ್ದೇನೆ, ಈಗ ಯಾರ ಅಂಗಳದಲ್ಲಿ ನಿಂತಿದೆ ಎಂದು ಹೇಳಿದ್ದೇನೆ, ಕಣ್ಣಾರೆ ಕಂಡವರನ್ನು ಕರೆತಂದು ತಮ್ಮ ಕಚೇರಿಯ ಕಟ್ಟೆಯ ಮೇಲೆ ಎರಡು ದಿನ ಕೂಡಿಸಿದ್ದೇನೆ. ಆದರೂ ತಮ್ಮ ಕಚೇರಿಯ ಪ್ರಕಾರ ಕಳವೇ ಆಗಿಲ್ಲ. ಆಗಿಲ್ಲ ಎಂದಷ್ಟೇ ಹೇಳಿದ್ದರೆ ಇನ್ನೂ ಕಾಯುತ್ತಿದ್ದೆನೋ ಏನೋ. ಆಗುವುದು ಸಾಧ್ಯವೇ ಇಲ್ಲ ಎಂದು ಕಾಗದದ ಮೇಲೆ ಬರೆದುಕೊಟ್ಟಿದ್ದಾರೆ. ಆ ಕಾಗದವನ್ನು ಬಿಚ್ಚಿ ಬಿಚ್ಚಿ ತೋರಿಸಿ ಅದರ ಮಡಿಕೆಗಳು ಹರಿದುಹೋಗಿವೆ.

ಇದಕ್ಕೂ ಮುಂಚೆ ನಾಲ್ಕು ಅರ್ಜಿ ಕೊಟ್ಟೆ. ನಾಲ್ಕನ್ನೂ ಉರ್ದು ಬಲ್ಲವರ ಕೈಯಲ್ಲಿ ಬರೆಸಿದೆ. ನಾನು ಅರ್ಧ ತಾಸು ಹೇಳಿದ್ದಕ್ಕೆ ಅವರು ಬರೆದದ್ದು ಮೂರು ಸಾಲು, ಅದರಲ್ಲಿ ಎರಡು ಸಾಲು ತಮಗೆ ಸಲಾಮು. ಇದು ಐದನೆಯದು. ಮಠದ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಾನೇ ಬರೆದಿದ್ದೇನೆ, ಪತ್ರಿಕೆಯವರು ದೊಡ್ಡ ಮನಸ್ಸು ಮಾಡಿ ಹಾಕುತ್ತಿದ್ದಾರೆ. ತಮಗೆ ಈ ಅಕ್ಷರ ಓದಲು ಬಾರದಿದ್ದರೆ ಓದಿ ಹೇಳುವವರು ಸಂತೆಯಲ್ಲಿ ಬಹಳ ಮಂದಿ ಇದ್ದಾರೆ. ನನ್ನನ್ನು ಕಂಡಾಗಲೆಲ್ಲ ‘ಮನೀ ಸಿಕ್ತೇನ್ರಿ?’ ಎಂದು ಕೇಳಿ ನಗುವವರೂ ಅವರೇ.

ನಾನು ಸಿಂಪಿಗ. ಒಂದು ಹೊಲಿಗೆ ಯಂತ್ರ, ಎರಡು ಎತ್ತು, ಹೆಂಡತಿ ಸುಮಿತ್ರಾಬಾಯಿ, ತಾಂಡೂರಿಗೆ ಕೊಟ್ಟ ಮಗಳು ರುಕ್ಮಿಣಿ, ಇಷ್ಟು ನನ್ನ ಸಂಸಾರ. ಜಹೀರಾಬಾದು, ನಾರಾಯಣಖೇಡ, ತಾಂಡೂರು, ಈ ಮೂರು ಸಂತೆಗಳಲ್ಲಿ ಸರದಿಯಂತೆ ಅಂಗಿ, ಪೈಜಾಮ, ಕುಬಸ ಹೊಲಿಯುತ್ತೇನೆ. ನನ್ನ ಕೈಯ ಹೊಲಿಗೆ ತೊಟ್ಟವರಲ್ಲಿ ತಮ್ಮ ಜವಾನರೂ ಇದ್ದಾರೆ. ಆ ಬಂಡಿಯನ್ನು ರಾಯಿಕೋಡಿನ ಬಡಿಗ ಮೊಗಲಪ್ಪ ಹದಿನೆಂಟು ವರ್ಷದ ಹಿಂದೆ ಮಾಡಿಕೊಟ್ಟ. ಉಳಿದವರ ಬಂಡಿಗಿಂತ ಒಂದು ಮೊಳ ಉದ್ದ. ಮೇಲೆ ಬಿದಿರಿನ ಕಮಾನು, ಕಮಾನಿಗೆ ಎಣ್ಣೆ ಕುಡಿಸಿದ ದಪ್ಪ ಬಟ್ಟೆ, ಒಳಗೆ ಮಲಗಲು ಹಲಗೆ, ಹಲಗೆಯ ಕೆಳಗೆ ಪೆಟ್ಟಿಗೆ, ಮೂಲೆಯಲ್ಲಿ ಪೂಜೆಗೆ ಒಂದು ಗೂಡು. ಹಿಂದಿನಿಂದ ಹತ್ತಲು ಚಿಕ್ಕ ಬಾಗಿಲು. ನಮಗೆ ಬೇರೆ ಸೂರು ಇಲ್ಲ. ಮಳೆಗಾಲದಲ್ಲಿ ನ್ಯಾಲ್ಕಲ್ಲಿನ ಮಠದ ಬಯಲಿನಲ್ಲಿ ನಿಲ್ಲಿಸುತ್ತಿದ್ದೆವು, ಉಳಿದ ದಿನ ಸಂತೆ ಎಲ್ಲಿಯೋ ನಾವೂ ಅಲ್ಲೇ. ರುಕ್ಮಿಣಿ ಅಂಬೆಗಾಲಿಟ್ಟದ್ದು ಆ ಹಲಗೆಯ ಮೇಲೆಯೇ.

ಈ ಬೇಸಿಗೆಯಲ್ಲಿ ತಾವು ಡಂಗುರ ಹೊಡೆಸಿದಿರಿ. ಲಡಾಯಿಯ ಕಾಲ, ಕಬ್ಬಿಣ ತುಟ್ಟಿಯಾಗಿದೆ, ಬಂಡಿಗಳು ಕಳುವಾಗುತ್ತಿವೆ, ಆದ್ದರಿಂದ ಬಂಡಿಯವರು ತಮ್ಮ ಬಂಡಿಯನ್ನು ತಾವೇ ಕಾಯ್ದುಕೊಳ್ಳಬೇಕು ಎಂದು. ಕೊತವಾಲಿಯ ಕೆಲಸ ಇಷ್ಟು ಸುಲಭದಲ್ಲಿ ಮುಗಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆದರೂ ಹೇಳಿದ್ದನ್ನೆಲ್ಲ ಮಾಡಿದೆ. ನಿಲ್ಲಿಸಿದಲ್ಲಿ ಕಡಾಣಿ ಕಿತ್ತಿಟ್ಟುಕೊಳ್ಳಿ ಎಂದಿರಿ. ಗಾಲಿ ಅಚ್ಚಿನಿಂದ ಜಾರದಂತೆ ತಡೆಯುವ ಆ ಚೋಟುದ್ದದ ಕಬ್ಬಿಣವನ್ನು ಎರಡೂ ಕಡೆಯಿಂದ ಕಿತ್ತು ಸುಮಿತ್ರಾಬಾಯಿ ಸೆರಗಿಗೆ ಕಟ್ಟಿಕೊಂಡು ತಿರುಗಿದಳು. ನೊಗ ಬಿಚ್ಚಿ ಬೇರೆ ಇಡಿ ಎಂದಿರಿ. ನಾನು ಕೂತು ಹೊಲಿಯುವ ಕಟ್ಟೆಗೇ ಹೊತ್ತು ತಂದೆ, ಗಿರಾಕಿಗಳು ಎಡವಿ ಬೈದರು. ಸರಪಳಿ ಹಾಕಿ ಗಿಡಕ್ಕೆ ಬಿಗಿಯಿರಿ ಎಂದಿರಿ, ಬಿಗಿದು ಕೀಲಿ ಜಡಿದೆ. ಎತ್ತು ಹತ್ತಿರ ಕಟ್ಟಬೇಡಿ ಎಂದಿರಿ, ಹಳ್ಳದ ಆಚೆ ಕಟ್ಟಿದೆ. ಕೊನೆಗೆ, ಬಂಡಿಯ ಮೇಲೆ ಅಳಿಸಲಾಗದ ಗುರುತು ಇರಲಿ ಎಂದಿರಿ. ನನ್ನ ಬಂಡಿಯ ಹಿಂಬದಿಯ ಹಲಗೆಯ ಮೇಲೆ ಡಾಂಬರಿನಲ್ಲಿ ಬರೆದ ಗುರುತು ಮೂರು ವರ್ಷದಿಂದಲೇ ಇತ್ತು. ಇಡೀ ತಾಲೂಕಿನಲ್ಲಿ ತಮ್ಮ ಡಂಗುರವನ್ನು ಪೂರ್ತಿಯಾಗಿ ನಂಬಿದವನು ನಾನೊಬ್ಬನೇ ಇರಬೇಕು.

ಜಹೀರಾಬಾದಿನ ಸಂತೆಯ ದಿನ, ನಡು ಮಧ್ಯಾಹ್ನ, ಬೇವಿನ ಗಿಡದ ಕೆಳಗಿಂದ ಬಂಡಿ ಹೋಯಿತು. ಕದಿಯಲು ಬಂದವನು ತನ್ನ ಎತ್ತು, ತನ್ನ ನೊಗ, ತನ್ನ ಕಡಾಣಿ ತಂದಿದ್ದ. ಡಂಗುರವನ್ನು ಅವನೂ ಕೇಳಿದ್ದನಲ್ಲವೇ? ಪಕ್ಕದಲ್ಲಿ ಪುಟಾಣಿ ಮಾರುವ ಕಿಷ್ಟಪ್ಪ ಎಲ್ಲವನ್ನೂ ನೋಡಿದ್ದಾನೆ. ತಮ್ಮ ಕಟ್ಟೆಯ ಮೇಲೆ ಎರಡು ದಿನ ಕೂತರೂ ಅವನನ್ನು ಯಾರೂ ಒಳಗೆ ಕರೆಯಲಿಲ್ಲ. ಅವನ ಸಾಕ್ಷಿಯನ್ನು ಇಲ್ಲಿ ಬರೆಯುತ್ತೇನೆ.

“ಕೀಲಿಕೈ ಕಳದದ, ಅದಕ್ಕ ಸರಪಳಿ ಕಡ್ಯಾಕ ಹತ್ತೀನಿ ಅಂದನ್ರಿ. ಪಾಪ ಅನಸ್ತು. ಗಾಲಿ ತೆಗ್ಗಿನ್ಯಾಗ ಸಿಕ್ಕಿತ್ತು, ತುಸು ದೂಡ್ರಿ ಅಂದ, ದೂಡಿದೆ. ಜವಾನರು ಒಬ್ಬರು ಹೊಂಟಿದ್ದರು, ಅವರೂ ಒಂದು ಕೈ ಹಚ್ಚಿದರು ನೋಡ್ರಿ.”

ಆ ಜವಾನರ ಹೆಸರು ಕೇಳಬೇಡಿ, ಹೇಳುವುದಿಲ್ಲ. ದೂಡಲು ಕೈ ಹಚ್ಚಿದ ಒಬ್ಬರಾದರೂ ತಮ್ಮ ಇಲಾಖೆಯಲ್ಲಿದ್ದಾರಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಅದೇ ಸಂಜೆ ಓಡಿಬಂದು ತಮ್ಮ ಮುನಶಿಯವರ ಮುಂದೆ ನಿಂತೆ. ಬಂಡಿಯ ಗುರುತೇನು ಎಂದು ಕೇಳಿದರು. ಬುದ್ಧಿ ಇದ್ದವನಾಗಿದ್ದರೆ ಕಮಾನು, ಬಣ್ಣ, ಉದ್ದ ಅಂತ ಹೇಳುತ್ತಿದ್ದೆ.

“ಹಿಂದಿನ ಹಲಗಿ ಮ್ಯಾಲ ನಂಬರ ಅದರಿ. ನ್ಯಾಲ್ಕಲ್, ಅರವತ್ತೊಂದು” ಎಂದೆ.

“ಯಾವ ನಂಬರ?”

“ಮನೀ ನಂಬರ್ರಿ. ಜನಾ ಎಣಸಾಗ ಹಾಕಿದ್ದು.”

ಮುನಶಿಯವರು ಲೇಖಣಿ ಕೆಳಗಿಟ್ಟರು. ‘ಘರ್ ಭೀ ಕಹೀಂ ಚೋರಿ ಹೋತಾ, ಮಿಯಾ?’ ಎಂದರು. ಮನೆಯೂ ಎಲ್ಲಾದರೂ ಕಳುವಾಗುತ್ತದೆಯೇ ಎಂದು ಪಕ್ಕದವರ ಕಡೆ ನೋಡಿ ನಕ್ಕರು. ಆಮೇಲೆ ನನಗೆ ಸರಿಯಾಗಿ ತಿಳಿಯಲೆಂದು ನಮ್ಮ ಮಾತಿನಲ್ಲೇ ವಿಚಾರಣೆ ನಡೆಸಿದರು.

“ಮನಿಯಾಗಿಂದ ಏನೇನು ಹೋಗ್ಯಾವ ಹೇಳು.”

“ಮನೀನ ಹೋಗ್ಯಾದರಿ.”

“ಮನೀ ಹೆಂಗ ಹೋಗತದ? ಒಳಗಿನ ಸಾಮಾನ ಹೇಳು.”

ಹೇಳಿದೆ. ಎರಡು ಕೌದಿ, ಒಂದು ಪೆಟ್ಟಿಗೆ, ಒಂದು ಇಸ್ತ್ರಿ, ಹಸಿರು ಖಣದ ಹೊಸ ಕುಬಸ ಒಂದು. ಎಲ್ಲವನ್ನೂ ಬರೆದುಕೊಂಡು, “ಆತು, ಇನ್ನ ಪಂಚನಾಮಿ ಮಾಡಬೇಕು. ಕಳವು ಆದ ಮನೀ ತೋರಸು” ಎಂದರು.

ಸಾಹೇಬರೇ, ಇದೇ ಮಾತು ಇನ್ನೊಬ್ಬನ ಬಾಳಿನಲ್ಲಿ ನಡೆದಿದ್ದರೆ ನಾನೂ ಹೊಟ್ಟೆ ಹಿಡಿದು ನಗುತ್ತಿದ್ದೆ. ಮೂರು ದಿನ ಬಿಟ್ಟು ಬಂದ ಉತ್ತರದಲ್ಲಿ ಹೀಗಿದೆ: ನಂಬರು ಅರವತ್ತೊಂದು ಸರಕಾರಿ ದಫ್ತರದಲ್ಲಿ ಮನೆ ಎಂದು ನಮೂದಾಗಿದೆ, ಮನೆ ಸ್ಥಾವರ ಸ್ವತ್ತು, ಸ್ಥಾವರವು ಕಳುವಾಗುವುದಿಲ್ಲ, ಅರ್ಜಿ ವಜಾ. ಹಾಗಾದರೆ ಆ ಸ್ಥಾವರ ಈಗ ಎಲ್ಲಿದೆ, ಅದನ್ನಾದರೂ ಹೇಳಿ ಎಂದು ಕೇಳಿದೆ. ನ್ಯಾಲ್ಕಲ್ಲಿನಲ್ಲಿ, ಎಂದರು. ದಫ್ತರದಲ್ಲಿ ಹಾಗೇ ಇದೆಯಂತೆ.

ದಫ್ತರದ ಮಾತು ದಫ್ತರಕ್ಕೆ ಇರಲಿ. ನಮ್ಮ ಹಾಗೆಯೇ ಸಂತೆಯಿಂದ ಸಂತೆಗೆ ಹೋಗಿ ಜೋಡು ರಿಪೇರಿ ಮಾಡುವ ತುಳಸಿರಾಮ ಹದಿನೈದು ದಿನದ ಮೇಲೆ ನಾರಾಯಣಖೇಡದಿಂದ ಬಂದು ಹೇಳಿದ: “ಮನ್ಮಥಪ್ಪಣ್ಣ, ನಿನ್ನ ಬಂಡಿ ಅಲ್ಲಿ ಒಬ್ಬ ಗುತ್ತೇದಾರನ ಅಂಗಳದಾಗ ನಿಂತದ. ಕಮಾನು ಕಿತ್ತು ಜ್ವಾಳದ ಚೀಲ ಹೇರ್ಯಾರ. ನೀಲಿ ಬಣ್ಣ ಬಳದಾರ, ಆದರ ಬಣ್ಣದ ಒಳಗಿಂದ ನಂಬರ ಕಾಣತದ.” ನಾನೂ ಹೋಗಿ ನೋಡಿ ಬಂದೆ. ಕೊಂಡುಕೊಂಡಿದ್ದೇನೆ, ಹೋಗಯ್ಯಾ ಎಂದು ಗುತ್ತೇದಾರ ಹೇಳಿದ. ಮತ್ತೆ ತಮ್ಮ ಕಚೇರಿಗೆ ಬಂದೆ. ಮುನಶಿಯವರು ಮರುಕದಿಂದಲೇ ವಿವರಿಸಿದರು. ಮನೆಯನ್ನು ಒಬ್ಬರು ಕೊಂಡಿದ್ದಾರೆ, ಇನ್ನೊಬ್ಬರು ತಮ್ಮದು ಎನ್ನುತ್ತಾರೆ ಎಂದರೆ ಅದು ಅದಾಲತ್ತಿನ ವ್ಯವಹಾರವಂತೆ, ಆರೇಳು ವರ್ಷ ಹಿಡಿಯಬಹುದಂತೆ.

ಬಂಡಿಯ ಮೇಲೆ ಮನೆಯ ನಂಬರು ಹೇಗೆ ಬಂತು ಎಂದು ತಾವು ಕೇಳಲಿಲ್ಲ. ಕೇಳದಿದ್ದರೂ ಹೇಳಬೇಕಾಗಿದೆ, ಯಾಕೆಂದರೆ ತಪ್ಪು ಅಲ್ಲಿದೆ ಮತ್ತು ಅದು ನನ್ನದು. ಫಸಲಿ ಸಾವಿರದ ಮುನ್ನೂರೈವತ್ತರಲ್ಲಿ, ಅಂದರೆ ಮೂರು ವರ್ಷದ ಹಿಂದೆ, ತಾಂಡೂರಿನಲ್ಲಿ ಪರಸಿಕಲ್ಲು ಮಾರುವ ಶಿವಶಂಕರಪ್ಪನವರ ಮಗನಿಗೆ ರುಕ್ಮಿಣಿಯನ್ನು ಕೊಡುವ ಮಾತು ನಡೆದಿತ್ತು. ಅವರು ಒಳ್ಳೆಯವರು, ಆದರೆ ಒಂದು ಮಾತು ನೇರವಾಗಿ ಆಡಿದರು. “ಹುಡುಗಿ ಚಲೋ ಅದಾಳ. ಆದರ ಮನೀ ಇಲ್ಲದವರ ಹೆಣ್ಣು ನಾವು ತರಂಗಿಲ್ಲರಿ. ನಾಳಿ ಬಾಣಂತನಕ್ಕ ಎಲ್ಲಿಗಿ ಕಳಸೋದು, ನೀವೇ ಹೇಳ್ರಿ.”

ಆ ದಿನಗಳಲ್ಲೇ ಜನಗಣತಿಗಾಗಿ ಮನೆಗಳಿಗೆ ನಂಬರು ಹಾಕುತ್ತ ನ್ಯಾಲ್ಕಲ್ ಶಾಲೆಯ ವೈಜಿನಾಥ ಮಾಸ್ತರರು ಡಾಂಬರಿನ ಡಬ್ಬಿ ಹಿಡಿದು ಬಂದರು. ಊರಿನ ಕಡೆಯ ಮನೆ ಅರವತ್ತಕ್ಕೆ ಮುಗಿದಿತ್ತು. ನಾನು ಕೈ ಮುಗಿದೆ.

“ಮಾಸ್ತರ, ಇದಕ್ಕೂ ಒಂದು ನಂಬರ ಹಾಕ್ರಿ.”

“ಇದು ಬಂಡಿ ಅಲ್ಲೇನಪ್ಪ?”

“ಇದರಾಗ ದೀಪ ಹತ್ತತದ, ಪೂಜಾ ನಡೀತದ, ಹೆಣ್ಣುಮಗಳು ಬೆಳದು ದೊಡ್ಡಾಕಿ ಆಗ್ಯಾಳ. ಮನೀಗಿ ಇನ್ನೇನು ಬೇಕ್ರಿ?”

ಮಾಸ್ತರರು ಹಿಂಬದಿಯ ಹಲಗೆಯ ಧೂಳನ್ನು ಅಂಗೈಯಿಂದ ಒರೆಸಿ ಕುಂಚ ಅದ್ದಿದರು. ಅವರ ಮೇಲೆ ಯಾರೂ ತಪ್ಪು ಹೊರಿಸಬಾರದು, ಮರುಕ ಪಟ್ಟದ್ದು ಬಿಟ್ಟರೆ ಅವರು ಏನೂ ಮಾಡಿಲ್ಲ. ಆ ನಂಬರನ್ನು ಬೀಗರಿಗೆ ಹೇಳಿದೆ. ಸರಕಾರದ ನಂಬರು ಎಂದ ಮೇಲೆ ಅವರು ಎರಡನೆಯ ಪ್ರಶ್ನೆ ಕೇಳಲಿಲ್ಲ. ಮದುವೆ ತಾಂಡೂರಿನಲ್ಲೇ ಆಯಿತು, ನ್ಯಾಲ್ಕಲ್ಲಿಗೆ ಯಾರೂ ಬರಲಿಲ್ಲ. ತಾಂಡೂರಿನ ಸಂತೆಯಲ್ಲಿ ಬಂಡಿ ಕಂಡಾಗ, ಇದು ಸಂತೆಗೆಂದು ಮಾಡಿಸಿದ್ದು ಎಂದುಕೊಂಡರು. ನಾನು ಸುಳ್ಳು ಹೇಳಲಿಲ್ಲ ಸಾಹೇಬರೇ, ಗಾಲಿಯ ಮಾತು ಮಾತ್ರ ಎತ್ತಲಿಲ್ಲ.

ಈಗ ರುಕ್ಮಿಣಿಗೆ ಎಂಟನೇ ತಿಂಗಳು. ಚೊಚ್ಚಲು ಬಸಿರು. ಏಳರಲ್ಲಿ ಕುಬಸ ತೊಡಿಸಿ ಕರೆತರಬೇಕಾಗಿತ್ತು. ನಾನೇ ಹೊಲಿದಿಟ್ಟಿದ್ದ ಆ ಕುಬಸ ತಮ್ಮ ಮುನಶಿಯವರ ಪಟ್ಟಿಯಲ್ಲಿ ನಾಲ್ಕನೆಯದು. ಯಾವಾಗ ಕರಕೊಂಡು ಹೋಗಾಕ ಬರ್ತೀರಿ ಎಂದು ಬೀಗರು ಎರಡು ಸಲ ಹೇಳಿಕಳಿಸಿದರು. ಮದುವೆ ಹಂಗಾಮಿನ ಹೊಲಿಗೆ ಎಂದೆ, ಜ್ವರ ಎಂದೆ. ನಾವೀಗ ಮಠದ ಪಡಸಾಲೆಯಲ್ಲಿ ಮಲಗುತ್ತಿದ್ದೇವೆ ಎಂದು ಹೇಗೆ ಹೇಳಲಿ?

ಹತ್ತು ದಿನದ ಹಿಂದೆ ತಮ್ಮ ಮುನಶಿಯವರು ಒಂದು ದಾರಿ ತೋರಿಸಿದರು. ‘ಸದರಿ ವಸ್ತು ಮನೆಯಲ್ಲ, ಬಂಡಿ, ನನಗೆ ಮನೆಯೇ ಇಲ್ಲ’ ಎಂದು ನಾನು ಪ್ರಮಾಣ ಮಾಡಿ ಬರೆದುಕೊಡಬೇಕು. ಅದನ್ನು ಕಾಯಿದೆಯಂತೆ ಮೂರು ಸಂತೆಗಳಲ್ಲಿ ಡಂಗುರ ಹೊಡೆಸಿ ಸಾರಬೇಕು. ತಕರಾರು ಬಾರದಿದ್ದರೆ ಬಂಡಿಯನ್ನು ಜಪ್ತಿ ಮಾಡಿ ನನಗೆ ಕೊಡಬಹುದು. ಮೂರನೆಯ ಸಂತೆ ತಾಂಡೂರು. ಡಂಗುರದವನು ನಿಲ್ಲುವ ಜಾಗ ನಮ್ಮ ಬೀಗರ ಅಂಗಡಿಯ ಎದುರಿಗಿದೆ. ಲೇಖಣಿ ಹಿಡಿದು ಕಾಗದದ ಮೇಲೆ ಕೈ ಇಟ್ಟವನು ಸಹಿ ಮಾಡದೆ ಎದ್ದು ಬಂದೆ.

ಹೋದ ವಾರ ಸುಮಿತ್ರಾಬಾಯಿ ರೈಲು ಹತ್ತಿ ಮಗಳನ್ನು ನೋಡಿಕೊಂಡು ಬಂದಳು. ಹಿತ್ತಲಿನಲ್ಲಿ ಕೂತು ಎಲ್ಲವನ್ನೂ ಹೇಳಿದಳಂತೆ. ಮಗಳು ಅಳಲಿಲ್ಲವಂತೆ, ಸಿಟ್ಟು ಮಾಡಿದಳಂತೆ. ಅವಳು ಆಡಿದ ಮಾತನ್ನು ಹೆಂಡತಿ ನನಗೆ ಹಾಗೆಯೇ ತಂದು ಒಪ್ಪಿಸಿದಳು.

“ಬಂಡ್ಯಾಗ ಹಡಿಯಾಕ ನನಗೇನೂ ನಾಚಿಕಿ ಇಲ್ಲವ್ವ. ಅಪ್ಪಗ ಬರದು ಕೊಡು ಅಂತ ಹೇಳು. ನ್ಯಾಲ್ಕಲ್ ಮನೀ ಹಿಂಗದ, ಹಂಗದ ಅಂತ ಮೂರು ವರ್ಷ ಹೇಳಿ ಹೇಳಿ ಸಾಕಾಗ್ಯಾದ ನನಗ. ಬಾಗಲಾ ಯಾವ ದಿಕ್ಕಿಗಿ ಅದ ಅಂತ ಅತ್ತಿ ಕೇಳತಾರ. ಒಮ್ಮಿ ಮೂಡಲಕ್ಕ ಅಂದಿದ್ದೆ, ಮರತು ಇನ್ನೊಮ್ಮಿ ಪಡುವಲಕ್ಕ ಅಂದೆ. ಅವರು ನನ್ನ ಮಾರೀನೇ ನೋಡಿದರು.”

ನಾನು ಡಾಂಬರಿನಲ್ಲಿ ಬರೆಸಿ ಮರೆತ ಮನೆಯನ್ನು ನನ್ನ ಮಗಳು ಮೂರು ವರ್ಷ ಒಬ್ಬಳೇ ಬಾಯಿಮಾತಿನಲ್ಲಿ ಕಟ್ಟುತ್ತಿದ್ದಳು. ಅದು ನನಗೆ ಗೊತ್ತೇ ಇರಲಿಲ್ಲ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಆದ್ದರಿಂದ ಬರೆಯುತ್ತೇನೆ, ಓದಿಸಿಕೊಳ್ಳಿ. ನ್ಯಾಲ್ಕಲ್ಲಿನ ನಂಬರು ಅರವತ್ತೊಂದು ಒಂದು ಬಂಡಿ. ನನಗೆ ಮನೆ ಇಲ್ಲ. ಯಾವತ್ತೂ ಇರಲಿಲ್ಲ. ಪತ್ರಿಕೆ ಮೂರು ಸಂತೆಗಳಿಗೂ ಹೋಗುತ್ತದೆ, ಡಂಗುರದವನಿಗೆ ದಣಿವು ಬೇಡ.

ತಾಂಡೂರಿನ ಬೀಗರೇ, ಈ ಪತ್ರಿಕೆ ನಿಮ್ಮ ಅಂಗಡಿಗೂ ಬರುತ್ತದೆ ಎಂದು ನನಗೆ ಗೊತ್ತು. ನಿಮ್ಮ ಮುಂದೆ ಬಂದು ಹೇಳಬೇಕಾದ ಮಾತನ್ನು ಊರಿಗೆಲ್ಲ ಹೇಳಿ ನಿಮಗೆ ಹೇಳುತ್ತಿದ್ದೇನೆ. ಹುಡುಗಿಗೆ ಏನೂ ಅನ್ನಬೇಡಿ. ಬಾಗಿಲು ಯಾವ ದಿಕ್ಕಿಗೆ ಎಂದು ಮನೆಯವರು ಇನ್ನು ಅವಳನ್ನು ಕೇಳದಿರಲಿ, ಕೇಳುವುದಿದ್ದರೆ ನನ್ನನ್ನು ಕೇಳಲಿ.

ಸಾಹೇಬರೇ, ತಾವು ಬೇಡಿದ್ದನ್ನು ಕೊಟ್ಟಾಯಿತು. ಕಳ್ಳನನ್ನು ಹಿಡಿಯಿರಿ ಎಂದೂ ಈಗ ಕೇಳುವುದಿಲ್ಲ. ಎಂಟು ದಿನದೊಳಗೆ ನಾರಾಯಣಖೇಡಕ್ಕೆ ಇಬ್ಬರು ಜವಾನರನ್ನು ಕಳಿಸಿ ಆ ಬಂಡಿಯನ್ನು ಬಿಡಿಸಿಕೊಡಿ. ಕೊಟ್ಟರೂ ಬಿಟ್ಟರೂ, ಒಂಬತ್ತನೆಯ ದಿನ ನಾವಿಬ್ಬರೂ ತಾಂಡೂರಿಗೆ ಹೋಗಿ ಮಗಳನ್ನು ಕರೆದುಕೊಂಡು ಬರುತ್ತೇವೆ. ಬಂಡಿ ಅಷ್ಟರಲ್ಲಿ ಬಾರದಿದ್ದರೆ, ದಿನ ತುಂಬುತ್ತಿರುವ ಹೆಣ್ಣುಮಗಳನ್ನು ಎಲ್ಲಿ ಇಳಿಸಬೇಕು ಎಂಬುದನ್ನು ತಾವೇ ಬರೆದುಕೊಡಬೇಕು.

ಇಂತಿ,
ತಾವು ಹೇಳಿದಂತೆ ಎಲ್ಲವನ್ನೂ ಮಾಡಿದ
ಸಿಂಪಿಗ ಮನ್ಮಥಪ್ಪ
ಸದ್ಯ ಮಠದ ಪಡಸಾಲೆ, ಫಸಲಿ ೧೩೫೩